ಆಕ್ಷೇಪಣೆ ರಾಮಪ್ರಸಾದರು ಮತ್ತು ಲೂಯಿಸರ ಬಿಸಿಲು

ರೇನರ್ಸ್ ಲೇನಿನ ನಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆಯುವವರು ರಾಮಪ್ರಸಾದರೊಬ್ಬರೇ. ಅವರು ಛಾವಣಿ ನೋಡುತ್ತ ನಡೆಯುತ್ತಾರೆ. ಯಾರ ಅಟ್ಟಕ್ಕೆ ಹೊಸ ಕಿಟಕಿ ಬಂತು, ಯಾರ ಹಿತ್ತಲಿನ ಶೆಡ್ಡು ಸದ್ದಿಲ್ಲದೆ ಒಂದು ಬೆಡ್‌ರೂಮಾಯಿತು, ಯಾರು ಮನೆಮುಂದಿನ ಹುಲ್ಲು ಕಿತ್ತು ಕಾರಿಗೆ ಕಲ್ಲು ಹಾಸಿದರು, ಎಲ್ಲವೂ ಅವರ ಕಣ್ಣಿಗೆ ಬೀಳುತ್ತವೆ. ಎದುರಿಗೆ ಬಂದ ಮನುಷ್ಯರು ಮಾತ್ರ ಬೀಳುವುದಿಲ್ಲ. ಬೀದಿಯ ತಾಯಂದಿರು ಮಗುವಿನ ತಳ್ಳುಗಾಡಿಯನ್ನು ಪಕ್ಕಕ್ಕೆ ಎಳೆದುಕೊಂಡು ಅವರಿಗೆ ದಾರಿ ಬಿಡುವುದು ರೂಢಿಯಾಗಿದೆ.

ಹುಟ್ಟಿದ್ದು ಮೈಸೂರಿನ ಸರಸ್ವತಿಪುರಂ. ಇಂಗ್ಲಿಷರ ಈ ನಾಡಿಗೆ ಬಂದದ್ದು ಒಂದು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ. ಇಪ್ಪತ್ತು ವರ್ಷ ಹುಡುಕಿದರು. ಕೊನೆಗೆ ಬ್ಯಾಂಕಿನವರು ತಪ್ಪು ಹುಡುಕುವುದಕ್ಕೂ ಒಂದು ಸಾಫ್ಟ್‌ವೇರು ತಂದು, ರಾಮಪ್ರಸಾದರಿಗೆ ಕೇಕು ಕತ್ತರಿಸಿ ಕಳಿಸಿಕೊಟ್ಟರು. ಅದಾದ ತಿಂಗಳಿಗೆ ನಿವಾಸಿಗಳ ಸಂಘದ ವಾರ್ಷಿಕ ಸಭೆ. ಕೌನ್ಸಿಲ್ಲಿಗೆ, ಅಂದರೆ ಇಲ್ಲಿನ ಪುರಸಭೆಗೆ, ಬರುವ ಕಟ್ಟಡದ ಅರ್ಜಿಗಳ ಮೇಲೆ ಕಣ್ಣಿಡಲು ಯಾರಾದರೂ ಮುಂದೆ ಬರುತ್ತೀರಾ ಎಂದು ಅಧ್ಯಕ್ಷೆ ಕೇಳಿದಾಗ ಸಭೆಯೆಲ್ಲ ತಂತಮ್ಮ ಬೂಟು ನೋಡಿಕೊಂಡಿತು. ಆ ಮೌನವನ್ನು ರಾಮಪ್ರಸಾದರು ಗೌರವವೆಂದು ಭಾವಿಸಿ ಕೈ ಎತ್ತಿದರು. ಮರುವಾರವೇ ‘ಪ್ಲಾನಿಂಗ್ ಮಾನಿಟರ್’ ಎಂದು ವಿಸಿಟಿಂಗ್ ಕಾರ್ಡು ಮಾಡಿಸಿದರು. ಶಾಲೆಯಲ್ಲಿ ಕ್ಲಾಸ್ ಮಾನಿಟರ್ ಆಗದವರ ಕಥೆಯೇ ಹೀಗೆ ಅಂತ ಅವರ ಹೆಂಡತಿ ವಿಜಯಾ ಹೇಳುತ್ತಾರೆ.

ಆಮೇಲೆ ಶುರುವಾಯಿತು ನೋಡಿ ದಣಿವು. ಪ್ರತಿ ವಾರ ಅರ್ಜಿಗಳ ಪಟ್ಟಿ ಬರುತ್ತದೆ. ಅಡುಗೆಮನೆ ಹಿಗ್ಗಿಸುವುದು, ಓಕ್ ಮರದ ಕೊಂಬೆ ಕಡಿಯುವುದು, ಅಂಗಡಿಯ ಬೋರ್ಡು ದೊಡ್ಡದು ಮಾಡುವುದು. ಇದಲ್ಲದೆ ಮುಂದಿನ ಹದಿನೈದಿಪ್ಪತ್ತು ವರ್ಷ ಈ ಊರು ಹೇಗಿರಬೇಕೆಂದು ಹೇಳುವ ‘ಲೋಕಲ್ ಪ್ಲಾನ್’ ಎಂಬ ದಿಂಬಿನ ಗಾತ್ರದ ಕರಡು. ಅದನ್ನು ರಾಮಪ್ರಸಾದರು ಪೂರ್ತಿ ಓದಿದರು. ಓದಿದವರು ಊರಿಗೆ ಅವರೊಬ್ಬರೇ ಎಂದು ಅವರಿಗೂ ಅನುಮಾನವಿದೆ. ಸ್ಟೇಷನ್ ಪಕ್ಕದ ಎತ್ತರದ ಕಟ್ಟಡಗಳ ಬಗ್ಗೆ ಚಳಿಗಾಲವೆಲ್ಲ ಕೂತು ಉತ್ತರ ಬರೆದರು. ‘ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ’ ಎಂದು ಒಂದು ಸಾಲು ವಾಪಸ್ ಬಂತು.

“ವಿಜಯಾ, ಗಮನಿಸಿದ್ದಾರಂತೆ ಕಣೇ!”

“ನಾನೂ ಗಮನಿಸಿದ್ದೀನಿ. ಎದ್ದು ಬಿನ್ ಹೊರಗಿಡಿ. ನಾಳೆ ಕಸದ ಲಾರಿ ಬರುತ್ತೆ.”

ಹೀಗೆ ಊರಿನ ಭವಿಷ್ಯದಲ್ಲಿ ಮುಳುಗಿದ್ದ ಮನುಷ್ಯನ ಬಾಗಿಲಿಗೆ ಕಳೆದ ವರ್ಷದ ಬೇಸಿಗೆಯ ಕೊನೆಯಲ್ಲಿ ಎದುರುಮನೆಯ ಬೆಲ್ಲಾಬಾಯಿ ಬಂದರು. ಉಡುಪಿ ಕಡೆಯ ಕೊಂಕಣಿ ಹೆಂಗಸು. ಗಂಡ ಲೂಯಿಸರು ಏರ್‌ಪೋರ್ಟಿನ ಅಡುಗೆಶಾಲೆಯಲ್ಲಿ ದುಡಿದು ನಿವೃತ್ತರಾದವರು, ಎರಡು ವರ್ಷದ ಹಿಂದೆ ಸ್ಟ್ರೋಕ್ ಹೊಡೆದು ಎಡಭಾಗ ಬಿದ್ದುಹೋಯಿತು. ಮೆಟ್ಟಿಲು ಹತ್ತಲಾರರು ಅಂತ ಮಂಚವನ್ನು ಕೆಳಗಿನ ಹಿಂದಿನ ಕೋಣೆಗೆ ಇಳಿಸಿದ್ದಾರೆ. ಅಲ್ಲೊಂದು ಕಿಟಕಿ. ಮಧ್ಯಾಹ್ನ ಬಿಸಿಲು ಬಂದಾಗ ಲೂಯಿಸರು ಬಲಗೈಯಿಂದ ಎಡಗೈಯನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಕೂರುತ್ತಾರೆ. ದಿನದಲ್ಲಿ ಅವರು ಕಾಯುವುದು ಅದೊಂದಕ್ಕೇ.

ಬೆಲ್ಲಾಬಾಯಿಯ ಪಕ್ಕದ ಮನೆಯನ್ನು ಸಂದೀಪ್ ಎಂಬ ಬೆಂಗಳೂರಿನ ಹುಡುಗ ಕೊಂಡಿದ್ದ. ಅವನೂ ಹೆಂಡತಿ ಸಿರಿಶಾಳೂ ಕೊಲಿಂಡೇಲಿನ ಫ್ಲಾಟಿನಲ್ಲಿ ಬಾಡಿಗೆಗಿದ್ದು, ಅವಳಿಮಕ್ಕಳಾದ ಮೇಲೆ ಇತ್ತ ಬಂದವರು. ಇಬ್ಬರಿಗೂ ಮನೆಯಿಂದಲೇ ಕೆಲಸ. ಸಂದೀಪ್ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ವ್ಯಾಕ್ಯೂಮ್ ಕ್ಲೀನರಿನ ಪಕ್ಕ ಕೂತು ಆಫೀಸಿನ ಮೀಟಿಂಗ್ ಮಾಡುತ್ತಿದ್ದ. ಮನೆಯ ಹಿಂಭಾಗವನ್ನು ಎರಡಂತಸ್ತು ಬೆಳೆಸೋಣ ಅಂತ ಹೊರಟದ್ದರಲ್ಲಿ ತಪ್ಪೇನಿಲ್ಲ. ನಮ್ಮವರ ಪದ್ಧತಿಯಂತೆ ಮೊದಲು ಪಕ್ಕದ ಮನೆಗೆ ಹೋಗಿ, ಮೈಸೂರುಪಾಕಿನ ಡಬ್ಬಿ ಕೊಟ್ಟು, ನಕ್ಷೆ ತೋರಿಸಿ, “ಆಂಟಿ, ನಿಮಗೇನೂ ತೊಂದರೆ ಇಲ್ಲ ತಾನೆ?” ಅಂತಲೂ ಕೇಳಿದ್ದ.

“ನಾನು ಎಂತ ಹೇಳುದು ಪ್ರಸಾದರೇ?” ಬೆಲ್ಲಾಬಾಯಿ ಸೋಫಾದ ತುದಿಯಲ್ಲಿ ಕೂತು ಹೇಳಿದರು. “ಹುಡುಗ ಸ್ವೀಟು ಹಿಡ್ಕೊಂಡು ಬಂದಿದ್ದಾನೆ. ಕಟ್ಟು ಮಗಾ, ನಮಗೆಂತ ತೊಂದರೆ ಅಂದುಬಿಟ್ಟೆ. ಬಾಯಿಗೆ ಹಾಗೇ ಬಂತು. ಅವ ಹೋದ ಮೇಲೆ ನಕ್ಷೆ ಸರಿ ನೋಡ್ತೇನೆ, ಗೋಡೆ ಇವರ ಕಿಟಕಿಯ ಬುಡದಲ್ಲೇ ಉಂಟು. ಚಳಿಗಾಲದಲ್ಲಿ ಒಂದು ಚೂರು ಬಿಸಿಲು ಒಳಗೆ ಬರುದಿಲ್ಲ.”

“ಈಗ ಹೋಗಿ ಹೇಳಿಬಿಡಿ, ಅದಕ್ಕೇನಂತೆ,” ಎಂದರು ವಿಜಯಾ.

“ಹೇಗೆ ಹೇಳುದು ವಿಜಯಾ? ಸ್ವೀಟು ತಿಂದಾಗಿದೆ.”

ರಾಮಪ್ರಸಾದರು ಕನ್ನಡಕ ಏರಿಸಿಕೊಂಡರು. “ನೀವೇನೂ ಹೇಳೋದು ಬೇಡ. ಇದಕ್ಕೆಲ್ಲ ಒಂದು ಪ್ರೊಸೆಸ್ ಇದೆ.”

ಪ್ರೊಸೆಸ್ ಏನೆಂದರೆ, ಅರ್ಜಿ ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಬರುತ್ತದೆ. ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಬರೆಯುವ ಮುನ್ನ ಮೂರರಲ್ಲಿ ಒಂದನ್ನು ಒತ್ತಬೇಕು: ವಿರೋಧ, ಬೆಂಬಲ ಅಥವಾ ತಟಸ್ಥ. ವಿರೋಧ ಒಂದು ಮಿತಿ ದಾಟಿದರೆ ಅರ್ಜಿ ಕೌನ್ಸಿಲರುಗಳ ಕಮಿಟಿಗೆ ಹೋಗುತ್ತದೆ, ಅಲ್ಲಿ ಮೂರು ನಿಮಿಷ ಮಾತಾಡಬಹುದು. ದಾಟದಿದ್ದರೆ ಅಧಿಕಾರಿಯೊಬ್ಬರು ಕೂತಲ್ಲೇ ತೀರ್ಮಾನ ಮಾಡುತ್ತಾರೆ. ಆ ಮೂರು ನಿಮಿಷಕ್ಕಾಗಿ ರಾಮಪ್ರಸಾದರು ವರ್ಷಗಳಿಂದ ಹಸಿದಿದ್ದರು.

ಅವರು ‘ಬೆಳಕು’ ಎಂದು ಒಂದು ವಾಟ್ಸಾಪ್ ಗುಂಪು ಮಾಡಿದರು. ಕನ್ನಡ ಬಳಗದ ಗುಂಪಿನಲ್ಲಿ ಸಂದೀಪ್ ಇದ್ದುದರಿಂದ, ಸಂದೀಪನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಸೇರಿಸಿದರು. ಲೂಯಿಸರ ಕಿಟಕಿಯ ವಿಷಯ ತಿಳಿಸಿ ಎಲ್ಲರೂ ಬರೆಯಿರಿ ಎಂದರು. ಎಲ್ಲರೂ ಮರುಗಿದರು, ಕೈ ಮುಗಿದ ಚಿತ್ರ ಹಾಕಿದರು, ಬರೆದೂ ಬರೆದರು. ರಾಮಪ್ರಸಾದರು ಮಾತ್ರ ನಿಯಮಗಳನ್ನೆಲ್ಲ ಉದ್ಧರಿಸಿ ಒಂಬತ್ತು ಪುಟ ಬರೆದರು.

ಅಭಿಪ್ರಾಯದ ಗಡುವು ಮುಗಿದ ಮೇಲೆ ರಾಮಪ್ರಸಾದರು ಸ್ಕ್ರೀನು ತೆರೆದು ಎಣಿಸಿದರು. ವಿರೋಧ: ಎರಡು. ಒಂದು ತಮ್ಮದು. ಇನ್ನೊಂದು ಮೂಲೆಮನೆಯ ಇಂಗ್ಲಿಷ್ ಅಜ್ಜನದು, ಆತ ಹಿಂದೆ ಬೀದಿಯ ಬೆಂಚಿಗೆ ಬಣ್ಣ ಹೊಡೆಯುವುದನ್ನೂ ವಿರೋಧಿಸಿದ್ದ. ಉಳಿದ ನಮ್ಮವರೆಲ್ಲ ತಟಸ್ಥ. ಪಿನ್ನರ್‌ನ ಅನಂತಮೂರ್ತಿಗಳು ಹೀಗೆ ಬರೆದಿದ್ದರು: ‘ಸಂದೀಪ್ ಅತ್ಯಂತ ಸಜ್ಜನರು, ಮಕ್ಕಳೂ ಚುರುಕು. ಪಕ್ಕದಲ್ಲಿ ಹಿರಿಯರೊಬ್ಬರಿದ್ದಾರೆ. ಸಾಧ್ಯವಾದರೆ ಬೆಳಕಿನ ವಿಚಾರ ಪರಿಶೀಲಿಸಬಹುದು. ಆಗದಿದ್ದರೂ ಪರವಾಗಿಲ್ಲ.’

ರಾಮಪ್ರಸಾದರು ಫೋನು ಹಚ್ಚಿದರು. “ಆಗದಿದ್ದರೂ ಪರವಾಗಿಲ್ಲ ಅಂದ್ರೆ ಏನ್ರೀ ಅರ್ಥ?”

“ಅಲ್ಲ ರಾಮಪ್ರಸಾದ್, ಅದರಲ್ಲಿ ಹೆಸರು ವಿಳಾಸ ಎಲ್ಲ ಕಾಣುತ್ತಂತಲ್ಲ. ಹುಡುಗ ನೋಡ್ತಾನೆ. ಮುಂದಿನ ತಿಂಗಳು ದೀಪಾವಳಿ ಊಟ ಅವರ ಮನೇಲೇ. ಯಾವ ಮುಖ ಇಟ್ಕೊಂಡು ಹೋಳಿಗೆ ಹಾಕಿಸ್ಕೊಳ್ಳಲಿ?”

ಕೊಲಿಂಡೇಲಿನ ಗೌತಮಿಯದು ಬೇರೆ ಚಿಂತೆ. “ಅಂಕಲ್, ನಮ್ಮ ಸಿಟಿಜನ್‌ಶಿಪ್ ಅರ್ಜಿ ಪೆಂಡಿಂಗ್ ಇದೆ. ಗವರ್ನಮೆಂಟಿಗೆ ವಿರೋಧ ಅಂತ ಎಲ್ಲಾದ್ರೂ ರೆಕಾರ್ಡ್ ಆಗಿಬಿಟ್ರೆ?”

“ಗವರ್ನಮೆಂಟಿಗಲ್ಲಮ್ಮ, ಒಂದು ಗೋಡೆಗೆ!”

ಅರ್ಜಿ ಕಮಿಟಿಗೆ ಹೋಗಲಿಲ್ಲ. ನಿಯಮದಂತೆ ಅಳೆದು ನೋಡಿದರೆ ಗೋಡೆ ಕೂದಲೆಳೆಯಷ್ಟು ಒಳಗೇ ಇತ್ತು, ಮಂಜೂರಾಯಿತು. ಕಾಗದದ ಪ್ರಕಾರ ಕೋಣೆಗೆ ಬೆಳಕು ಸಾಕಷ್ಟಿದೆ. ಲೂಯಿಸರ ಕೈ ಕಾಗದದಲ್ಲಿ ಇರಲಿಲ್ಲ.

ಅವತ್ತು ರಾಮಪ್ರಸಾದರು ಗುಂಪಿಗೆ ಒಂದು ಧ್ವನಿಸಂದೇಶ ಕಳಿಸಿದರು. ನಮ್ಮ ಜನರ ಹೇಡಿತನದಿಂದ ಹಿಡಿದು ಪ್ರಜಾಪ್ರಭುತ್ವದ ಅಳಿವಿನವರೆಗೆ ಎಲ್ಲವೂ ಅದರಲ್ಲಿತ್ತು. “ಇನ್ನೊಂದು ಸಲ ಹೀಗಾದರೆ ಯಾರೂ ಯೋಚನೆ ಮಾಡಕೂಡದು. ಸೀದಾ ವಿರೋಧ ಅಂತ ಒತ್ತಬೇಕು, ಅಷ್ಟೇ!” ಎಂದು ಮುಗಿಸುವಾಗ ಗಂಟಲು ಕಟ್ಟಿತ್ತು. ವಿಜಯಾ ಬಿಸಿನೀರು ತಂದಿಟ್ಟರು.

“ರೀ, ಆ ಹುಡುಗನ ಮನೆಗೆ ಇಲ್ಲಿಂದ ಎಷ್ಟು ದೂರ?”

“ಗೊತ್ತಿಲ್ಲವೇನೇ? ಎದುರುಸಾಲು.”

“ಅಲ್ಲ, ಇಷ್ಟು ದಿನ ಇಂಟರ್ನೆಟ್ಟಲ್ಲಿ ಸುತ್ತಿ ಹೋಗ್ತಾ ಇದ್ರಲ್ಲ, ರಸ್ತೆ ಏನಾದ್ರೂ ಅಗೆದಿದ್ದಾರಾ ಅಂತ ಕೇಳಿದೆ.”

ಹೋದರು. ಸಂದೀಪ್ ಬಾಗಿಲು ತೆರೆದು ಕೂರಿಸಿ, ಕೇಳಿಸಿಕೊಂಡ. ಅವನ ಮುಖ ಇಳಿದುಹೋಯಿತು.

“ಅಂಕಲ್, ಒಂದು ಮಾತು ಹೇಳಬಾರದಿತ್ತಾ?”

“ಒಂಬತ್ತು ಪುಟ ಬರೆದಿದ್ದೆನಲ್ಲಪ್ಪ.”

“ಓದಿದೆ ಅಂಕಲ್. ಅದರಲ್ಲಿ ಲೂಯಿಸ್ ಅಂಕಲ್ ಹೆಸರೇ ಇಲ್ಲ. ‘ವಾಸದ ಕೋಣೆಯ ಹಗಲು ಬೆಳಕಿನ ಪ್ರಮಾಣ’ ಅಂತಿದೆ. ಯಾರದೋ ಸೈನ್ಸ್ ಪೇಪರ್ ಅಂದ್ಕೊಂಡೆ. ಮಿಕ್ಕೋರೆಲ್ಲ ನಾನು ಒಳ್ಳೆಯವನು ಅಂತ ಬರೆದಿದ್ರು. ಸಿರಿಶಾ ಅದನ್ನ ಅವರಮ್ಮನಿಗೆ ಬೇರೆ ಕಳಿಸಿದ್ಲು.”

ತಪ್ಪಾಯಿತು ಎಂದರು ರಾಮಪ್ರಸಾದರು. ಇದು ಅಪರೂಪ.

ಹುಡುಗ ಒಳ್ಳೆಯವನೇ. ಮೇಲಿನ ಮಹಡಿಯನ್ನು ಬೆಲ್ಲಾಬಾಯಿಯ ಕಡೆಯಿಂದ ಒಳಕ್ಕೆ ಸರಿಸಿ, ಛಾವಣಿಯನ್ನು ಇಳಿಜಾರು ಮಾಡಿದರೆ ಬಿಸಿಲಿಗೆ ದಾರಿ ಸಿಗುತ್ತಿತ್ತು. ತನ್ನ ಆಫೀಸು ಕೋಣೆ ಚಿಕ್ಕದಾದರೂ ಸರಿ ಎಂದು ಒಪ್ಪಿದ. ಆಕಾರ ಬದಲಾಗುವುದರಿಂದ ಹೊಸ ಅರ್ಜಿಯೇ ಬೇಕು ಎಂದು ಕೌನ್ಸಿಲ್ಲಿನಿಂದ ಉತ್ತರ ಬಂತು. ಅದರ ಜೊತೆಗೆ ಲಗತ್ತಿಸುವ ವಿವರಣೆಯನ್ನು ರಾಮಪ್ರಸಾದರೇ ಬರೆದರು. ‘ವಿರೋಧಿಸುತ್ತೇನೆ’ ಎಂದೇ ಪಳಗಿದ ಕೈ, ‘ಬೆಂಬಲಿಸುತ್ತೇನೆ’ ಎಂದು ಟೈಪು ಮಾಡುವಾಗ ಎರಡು ಸಲ ತಪ್ಪಿತು.

ಹೊಸ ಅರ್ಜಿ ವೆಬ್‌ಸೈಟಿಗೆ ಬಂದ ಮೂರನೇ ದಿನ ಅನಂತಮೂರ್ತಿಗಳ ಫೋನು.

“ರಾಮಪ್ರಸಾದ್, ಈ ಸಲ ನೋಡ್ಕೊಳ್ಳಿ! ವಿರೋಧ! ನಾನು, ನನ್ನ ಹೆಂಡತಿ, ಅಳಿಯ, ಅಳಿಯನ ತಮ್ಮ. ಕೊಲಿಂಡೇಲಿನಿಂದಲೂ ಹಾಕಿಸಿದ್ದೀನಿ.”

“ಯಾವುದಕ್ಕೆ?” ರಾಮಪ್ರಸಾದರ ದನಿ ಸಣ್ಣದಾಯಿತು.

“ಅದೇ ಮನೆಗೆ! ಆ ಹುಡುಗ ಮತ್ತೆ ಅರ್ಜಿ ಹಾಕಿದಾನೆ ನೋಡಿ, ಎಂಥ ಧೈರ್ಯ.”

“ಅರ್ಜಿ ಓದಿದಿರಾ?”

“ಓದೋದೇನ್ರೀ? ಮನೆ ನಂಬರು ಅದೇ ಅಲ್ವಾ? ಯೋಚನೆ ಮಾಡಕೂಡದು ಅಂತ ನೀವೇ ತಾನೆ ಹೇಳಿದ್ದು?”

ಸ್ಕ್ರೀನು ತೆರೆದರೆ ವಿರೋಧದ ಸಾಲು ಕೆಳಗಿಳಿಯುತ್ತಲೇ ಇತ್ತು. ತಟಸ್ಥರೆಲ್ಲ ಹುಲಿಗಳಾಗಿದ್ದರು. ಗೌತಮಿ ‘ಇದು ಅಮಾನವೀಯ’ ಎಂದು ಬರೆದಿದ್ದಳು, ಸಿಟಿಜನ್‌ಶಿಪ್ ಬಂದಿರಬೇಕು. ಪಟ್ಟಿಯ ಮಧ್ಯೆ ಒಂದು ಹೆಸರು ನೋಡಿ ರಾಮಪ್ರಸಾದರು ಕುರ್ಚಿ ತಿರುಗಿಸಿದರು.

“ವಿಜಯಾ, ನೀನೂನಾ?”

“ಹಿಂದಿನ ಸಲ ತಟಸ್ಥ ಅಂತ ಒತ್ತಿದ್ದಕ್ಕೆ ನೀವು ಎಲ್ಲರಿಗಿಂತ ಜಾಸ್ತಿ ಬೈದಿದ್ದು ನನಗೇ ಅಲ್ವಾ? ಬೆಳಿಗ್ಗೆ ಬಸ್ಸಲ್ಲಿ ಕೂತು ಮೊದಲು ಒತ್ತಿಬಿಟ್ಟೆ. ಹೊಸ ಅರ್ಜಿ ಬೆಳಕು ಉಳಿಸೋಕೆ ಅಂತ ಮನೇಲಿ ಒಂದು ಮಾತು ಹೇಳೋಕೆ ನಿಮಗೆ ಪುರುಸೊತ್ತಿತ್ತಾ?”

ಮಿತಿ ದಾಟಿತ್ತು. ಅರ್ಜಿ ಕಮಿಟಿಗೆ ಹೋಗಬೇಕು, ಕಮಿಟಿ ಸೇರುವುದು ಜನವರಿಯಲ್ಲಿ. ರಾಮಪ್ರಸಾದರು ಚಳಿಯಲ್ಲಿ ಟ್ಯೂಬು ರೈಲು ಹತ್ತಿ ಇಳಿದು ಮನೆಮನೆಗೆ ಹೋಗಿ ವಿರೋಧ ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದರು. ಎಲ್ಲ ಕಡೆಯೂ ಕಾಫಿ ಸಿಕ್ಕಿತು. ಇಬ್ಬರು ಮೂವರು ಒಪ್ಪಿದರು. ಉಳಿದವರಿಗೆ, ಜೀವನದಲ್ಲಿ ಮೊದಲ ಸಲ ಸರ್ಕಾರಿ ವೆಬ್‌ಸೈಟಿನಲ್ಲಿ ವಿರೋಧ ಎಂದು ಒತ್ತಿದ ಹುರುಪು. “ಹಾಕಿದ್ದನ್ನ ತೆಗೆದರೆ ಕೌನ್ಸಿಲ್‌ನೋರು ನಮ್ಮ ಬಗ್ಗೆ ಏನು ತಿಳ್ಕೊಳ್ತಾರೆ?” ಎಂದರು ಅನಂತಮೂರ್ತಿಗಳು, ಮತ್ತೆ ಒಂದು ಲೋಟ ಕಾಫಿ ಬಗ್ಗಿಸುತ್ತ.

ವಾಪಸ್ ಬಂದಾಗ ಸಂದೀಪ್ ಗೇಟಿನಲ್ಲೇ ನಿಂತಿದ್ದ. ಕೈಯಲ್ಲಿ ಫೋನು.

“ಅಂಕಲ್, ಇವರೆಲ್ಲ ದೀಪಾವಳಿಗೆ ನಮ್ಮನೇಲಿ ಊಟ ಮಾಡಿ ಹೋದೋರು. ಸ್ವಾರ್ಥಿ ಅಂತ ಬರೆದಿದ್ದಾರೆ. ಸಿರಿಶಾ ಬೆಳಗಿಂದ ಅಳ್ತಿದಾಳೆ.”

“ತಪ್ಪು ತಿಳ್ಕೊಂಡು ಒತ್ತಿದ್ದಾರಪ್ಪ. ನನ್ನ ಮಾತು ಕೇಳಿ...”

“ಸಾಕು ಅಂಕಲ್. ಬಿಲ್ಡರ್ ಜನವರಿ ತನಕ ಕಾಯಲ್ಲ ಅಂತಿದಾನೆ. ಮೊದಲನೇ ಪ್ಲಾನಿಗೆ ಪರ್ಮಿಷನ್ ಕೈಯಲ್ಲಿದೆ. ಸೋಮವಾರ ಬರೋಕೆ ಹೇಳ್ತೀನಿ. ಅದನ್ನೇ ಕಟ್ಟಿಸ್ತೀನಿ.”

ಕಾನೂನಿನಲ್ಲಿ ಅವನದು ಸರಿ. ರಾಮಪ್ರಸಾದರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಆ ಬೀದಿಯಲ್ಲಿ ಇರಲಿಲ್ಲ. ಕಾಲೆಳೆದುಕೊಂಡು ಬೆಲ್ಲಾಬಾಯಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿದರು. ಹಿಂದಿನ ಕೋಣೆಯಲ್ಲಿ ಲೂಯಿಸರು ಮಲಗಿದ್ದರು. ಬೆಲ್ಲಾಬಾಯಿ ನಿಂತುಕೊಂಡೇ ಕೇಳಿದರು.

“ಇನ್ನೂ ಒಂದು ದಾರಿ ಇದೆ ಬೆಲ್ಲಾಬಾಯಿ. ಲೋಕಲ್ ಪ್ಲಾನಿನ ಏಳನೇ ಅಧ್ಯಾಯದಲ್ಲಿ...”

“ನೀವು ಸ್ವಲ್ಪ ಸುಮ್ಮನಿರಿ ಮಾರಾಯ್ರೇ,” ಎಂದು ಬೆಲ್ಲಾಬಾಯಿ ಕೋಟು ಹಾಕಿಕೊಂಡರು.

ಪಕ್ಕದ ಮನೆಗೆ ಕೋಟು ಬೇಕಿರಲಿಲ್ಲ. ಆದರೂ ಗುಂಡಿಯನ್ನೆಲ್ಲ ಹಾಕಿ, ಚರ್ಚಿಗೆ ಹೊರಟವರ ಹಾಗೆ ಹೋಗಿ ಬೆಲ್ ಒತ್ತಿದರು. ರಾಮಪ್ರಸಾದರು ಹಿಂದೆ ನಿಂತರು. ಸಂದೀಪ್ ಬಾಗಿಲು ತೆರೆದ, ಅವನ ಹಿಂದೆ ಕಣ್ಣು ಕೆಂಪಾದ ಸಿರಿಶಾ.

“ಮಗಾ, ಅವತ್ತು ನೀನು ಕೇಳಿದಾಗ ನಾನು ಸುಳ್ಳು ಹೇಳಿದ್ದು. ನನಗೆ ತೊಂದರೆ ಉಂಟು.”

ಬೆಲ್ಲಾಬಾಯಿ ತಮ್ಮ ಮನೆಯ ಕಡೆ ಕೈ ತೋರಿಸಿದರು.

“ಇವರಿಗೆ ಎಡಗೈ ಇದೆಯಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ. ಮುಟ್ಟಿದರೆ ತಿಳಿಯುದಿಲ್ಲ, ಚುಚ್ಚಿದರೆ ತಿಳಿಯುದಿಲ್ಲ. ಬಿಸಿಲು ಬಿದ್ದರೆ ಮಾತ್ರ ಗೊತ್ತಾಗ್ತದಂತೆ. ಡಾಕ್ಟ್ರು ಹಾಗೆಲ್ಲ ಆಗುದಿಲ್ಲ ಅಂತಾರೆ. ಇವರು ದಿನಾ ಮಧ್ಯಾಹ್ನ ಕರೀತಾರೆ, ‘ಬೆಲ್ಲಾ, ಕೈ ಉಂಟು’ ಅಂತ. ನನಗೆ ಕೇಳಿ ಕೇಳಿ ಸಾಕಾಗಿದೆ. ಹೌದು ಮಾರಾಯ್ರೇ, ಉಂಟು, ಎಲ್ಲಿಗೆ ಹೋಗ್ತದೆ ಅಂತೇನೆ.” ಬೆಲ್ಲಾಬಾಯಿ ಕೋಟಿನ ತುದಿ ಹಿಡಿದುಕೊಂಡರು. “ಒಂದು ದಿನ ಕರೀದಿದ್ದರೆ ನಾನು ಎಂತ ಮಾಡುದು? ಅದಕ್ಕೆ ಕೇಳ್ಳಿಕ್ಕೆ ಬಂದೆ. ಬೇಡ ಅಂತ ಹೇಳುದಾದ್ರೂ ಮುಖಕ್ಕೇ ಹೇಳು.”

“ಒಳಗೆ ಬನ್ನಿ ಆಂಟಿ, ಚಳಿ,” ಎಂದಳು ಸಿರಿಶಾ.

ಸಂದೀಪ್ ಬಾಗಿಲ ಚೌಕಟ್ಟನ್ನೇ ನೋಡುತ್ತಿದ್ದವನು ಫೋನು ತೆಗೆದು ಬಿಲ್ಡರನಿಗೆ ಮಾಡಿದ. ಜನವರಿಯ ತನಕ ಬೇಡ ಎಂದ. ಆ ಕಡೆಯಿಂದ ಏನೇನೋ ಜೋರಾಗಿ ಕೇಳಿಸಿತು. “ನೀನು ಹೋಗೋದಾದ್ರೆ ಹೋಗು, ಬೇರೆಯವರನ್ನ ನೋಡ್ತೀನಿ,” ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟ. ಆಮೇಲೆ ರಾಮಪ್ರಸಾದರ ಕಡೆ ತಿರುಗಿದ.

“ಅಂಕಲ್, ಇನ್ಮೇಲೆ ಏನಿದ್ರೂ ಬೆಲ್ ಒತ್ತಿ. ಬೇರೇನೂ ಒತ್ತಬೇಡಿ.”

ಜನವರಿಯಲ್ಲಿ ಕಮಿಟಿ ಸೇರಿತು. ರಾಮಪ್ರಸಾದರು ಮದುವೆಗೆ ಹೊಲಿಸಿದ ಸೂಟು ಹಾಕಿಕೊಂಡು ಹೋದರು. ತಮ್ಮದೇ ಜನರ ವಿರೋಧದ ವಿರುದ್ಧ, ತಮ್ಮ ಹೆಂಡತಿಯ ವಿರೋಧದ ವಿರುದ್ಧ ಮಾತಾಡಬೇಕಾಗಿತ್ತು. ವಿರೋಧಿಗಳ ಪರವಾಗಿ ಯಾರು ಬಂದಿದ್ದೀರಿ ಎಂದು ಅಧ್ಯಕ್ಷರು ಕೇಳಿದರು. ಯಾರೂ ಬಂದಿರಲಿಲ್ಲ, ಅವತ್ತು ಕೊಲಿಂಡೇಲಿನಲ್ಲಿ ಗೌತಮಿಯ ಗೃಹಪ್ರವೇಶ. ರಾಮಪ್ರಸಾದರು ಎದ್ದು ನಿಂತರು. ಇಷ್ಟು ವರ್ಷ ಕಾದ ಮೂರು ನಿಮಿಷ. ತಂದಿದ್ದ ಹಾಳೆಗಳನ್ನು ಮಡಿಸಿ, ಲೂಯಿಸರ ಕೈಯ ವಿಷಯವನ್ನು ಇದ್ದಹಾಗೆ ಹೇಳಿದರು. ಒಂದು ನಿಮಿಷಕ್ಕೇ ಮುಗಿದುಹೋಯಿತು. ಉಳಿದ ಎರಡು ನಿಮಿಷವನ್ನು ಕಮಿಟಿಗೇ ಬಿಟ್ಟುಕೊಟ್ಟು ಕೂತರು. ಯಾವ ಚರ್ಚೆಯೂ ಇಲ್ಲದೆ ಮಂಜೂರಾಯಿತು. ಅವರ ಜೀವಮಾನದ ಒಂದೇ ಗೆಲುವನ್ನು ಸ್ಥಳೀಯ ಪತ್ರಿಕೆಯೂ ಬರೆಯಲಿಲ್ಲ, ಸಂಘವೂ ಚಪ್ಪಾಳೆ ತಟ್ಟಲಿಲ್ಲ. ಸಂಘದ ಪ್ರಕಾರ ಅವರು ಒಂದು ಕಟ್ಟಡವನ್ನು ಬೆಂಬಲಿಸಿ ಬಂದಿದ್ದರು, ಅದಕ್ಕೆ ವಿವರಣೆ ಕೇಳಿ ಒಂದು ಇಮೇಲ್ ಬಂತು.

ಹೊಸ ಬಿಲ್ಡರ್ ಬೇಸಿಗೆಯೆಲ್ಲ ತಿಂದು ಕೆಲಸ ಮುಗಿಸಿದ. ಈ ನವೆಂಬರಿನ ಒಂದು ಮಧ್ಯಾಹ್ನ, ಮೋಡವಿಲ್ಲದ ಒಂದು ದಿನ ಸಿಕ್ಕಾಗ, ರಾಮಪ್ರಸಾದರು ತಪಾಸಣೆಗೆಂದು ಬೆಲ್ಲಾಬಾಯಿಯ ಮನೆಗೆ ಹೋದರು. ಮೊದಲಿನಷ್ಟು ಹೊತ್ತು ಬಿಸಿಲಿಲ್ಲ. ಬರುವುದು ತಡ, ಹೋಗುವುದು ಬೇಗ. ಆದರೆ ಇಳಿಜಾರು ಛಾವಣಿಯ ಮೇಲಿಂದ ಜಾರಿ ಬರುವುದಂತೂ ಬರುತ್ತದೆ.

ಹಿಂದಿನ ಕೋಣೆಗೆ ಕಾಲಿಟ್ಟರೆ ಕತ್ತಲೆ. ಬೆಲ್ಲಾಬಾಯಿ ಪರದೆ ಎಳೆದಿದ್ದರು. ಲೂಯಿಸರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

“ಅಯ್ಯೋ ಬೆಲ್ಲಾಬಾಯಿ, ಇದೇನು ಮಾಡಿದಿರಿ!”

“ಎಂತ ಅಯ್ಯೋ? ಬಿಸಿಲಿಗೆ ಸ್ಕೋರು ಕಾಣುದಿಲ್ಲಂತೆ. ಬೆಳಿಗ್ಗೆಯಿಂದ ಒಂದೇ ರಗಳೆ.”

ರಾಮಪ್ರಸಾದರು ಕಿಟಕಿಯ ಹತ್ತಿರ ಹೋದರು. ಪರದೆ ಪೂರ್ತಿ ಮುಚ್ಚಿರಲಿಲ್ಲ. ಕೆಳಗೆ, ಕಟ್ಟೆಯ ಮೇಲೆ ಎಡಗೈ ಇದ್ದ ಕಡೆ, ಬೆಲ್ಲಾಬಾಯಿ ಪರದೆಯನ್ನು ಒಂದು ಗೇಣು ಎತ್ತಿ ಬಟ್ಟೆಯ ಕ್ಲಿಪ್ಪು ಹಾಕಿದ್ದರು. ಆ ಸಂದಿನಿಂದ ಕೈಯ ಮೇಲೆ ಬಿದ್ದ ಬಿಸಿಲನ್ನು ರಾಮಪ್ರಸಾದರು ಬಗ್ಗಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಎಷ್ಟು ವಿಕೆಟ್ ಬಿತ್ತು ಎಂದು ಲೂಯಿಸರನ್ನು ಕೇಳಿದರು.